ಎರಡು ದಡಕ್ಕೆ ಎರಡು ಪುಟ

ಊರಿನ ನಡುವೆ ಹೊಳೆ. ಒಂದು ದಡದಲ್ಲಿ ನೂಲಿನ ಗಿರಣಿ, ಇನ್ನೊಂದು ದಡದಲ್ಲಿ ರೈಲು ನಿಲ್ದಾಣ. ಎರಡು ಕಡೆಗೂ ಒಂದೊಂದು ಫುಟ್‌ಬಾಲ್ ತಂಡ. ಗಿರಣಿಯವರದು ಕೆಂಪು ಅಂಗಿ, ರೈಲಿನವರದು ನೀಲಿ. ವರ್ಷಕ್ಕೊಂದು ದೊಡ್ಡ ಆಟ. ಮರುದಿನ ಊರಿನ ಪತ್ರಿಕೆಯ ಕೊನೆಯ ಪುಟ ಎರಡು ಥರ ಅಚ್ಚಾಗುತ್ತಿತ್ತು. ಕೆಂಪು ದಾರದ ಕಟ್ಟು ಗಿರಣಿ ಕಡೆಗೆ, ನೀಲಿ ದಾರದ್ದು ರೈಲು ಕಡೆಗೆ. ಗೋಲಿನ ಲೆಕ್ಕ ಎರಡರಲ್ಲೂ ಒಂದೇ. ಮಿಕ್ಕಿದ್ದೆಲ್ಲ ಬೇರೆ. ಒಂದರಲ್ಲಿ ಗೆದ್ದವರು ಹುಲಿಗಳು. ಇನ್ನೊಂದರಲ್ಲಿ ಅದೇ ಆಟ, ಆದರೆ ರೆಫ್ರಿಗೆ ಕಣ್ಣು ಕಾಣುವುದಿಲ್ಲ.

ಎರಡನ್ನೂ ಬರೆಯುತ್ತಿದ್ದವನು ಒಬ್ಬನೇ, ಗಿರಣಿ ಕಡೆಯ ಹೆಣ್ಣೊಬ್ಬಳ ಗಂಡ.

ಇದೇನು ಗುಟ್ಟಲ್ಲ, ಊರಿಗೆಲ್ಲ ಗೊತ್ತಿತ್ತು. ಜನ ತಮ್ಮ ಪುಟ ಓದಿ ಹಿಗ್ಗುತ್ತಿದ್ದರು. ಆಮೇಲೆ ಸೇತುವೆ ದಾಟಿ ಆಚೆಯವರ ಪತ್ರಿಕೆ ಕೊಂಡು, ಅಂಗಿಯೊಳಗೆ ಅಡಗಿಸಿ ತಂದು, ಓದಿ ಉರಿದುಬೀಳುತ್ತಿದ್ದರು. ಹಿಗ್ಗಿದ್ದಕ್ಕಿಂತ ಉರಿದದ್ದರಲ್ಲೇ ಅವರಿಗೆ ಸುಖ ಹೆಚ್ಚು. ಹಾಗಾಗಿ ಎರಡು ಕಡೆಯವರೂ ಅವನನ್ನು ‘ಆಚೆಯವನು’ ಎಂದೇ ಕರೆಯುತ್ತಿದ್ದರು.

ಅವನು ಕೆಂಪು ಬಟ್ಟೆ ತೊಡಲಿಲ್ಲ, ನೀಲಿ ತೊಡಲಿಲ್ಲ. ಇದ್ದಬದ್ದ ಅಂಗಿಗಳೆಲ್ಲ ಮಣ್ಣಿನ ಬಣ್ಣ. ಒಗೆದದ್ದೋ ಒಗೆಯದ್ದೋ ಗೊತ್ತಾಗುತ್ತಿರಲಿಲ್ಲ. ಹುಟ್ಟಿದ್ದು ರೈಲು ಕಡೆ, ಹೆಣ್ಣು ತಂದದ್ದು ಗಿರಣಿ ಕಡೆಯಿಂದ. ಅವಳ ಅಣ್ಣ ಆಗ ಗಿರಣಿಯ ಗೋಲ್‌ಕೀಪರ್. ಆಡುವಾಗ ಕಾಲು ಮುರಿದುಕೊಂಡು ಮಲಗಿದ್ದ. ಆ ಸುದ್ದಿ ಬರೆಯಲೆಂದು ಬಂದವನು ಮತ್ತೆ ಬಂದ, ಮತ್ತೂ ಬಂದ. ಒಂದು ಕಾಲಿನ ಬಗ್ಗೆ ಇಷ್ಟೊಂದು ಬರೆಯುವುದಕ್ಕೆ ಏನಿದೆ ಎಂದು ಅಣ್ಣನಿಗೆ ಅನುಮಾನ ಹುಟ್ಟುವಷ್ಟರಲ್ಲಿ ತಂಗಿ ಒಪ್ಪಿಯಾಗಿತ್ತು.

ಈಚೆಗೆ ಪತ್ರಿಕೆ ಸೊರಗಿತು. ದಿನಾ ಬರುತ್ತಿದ್ದದ್ದು ವಾರಕ್ಕೊಮ್ಮೆ, ಸೋಮವಾರ ಬರತೊಡಗಿತು. ಆರು ಜನ ಕೂರುತ್ತಿದ್ದ ಕೋಣೆಯಲ್ಲಿ ಸಂಪಾದಕರು, ಇವನು, ಮೂಲೆಯಲ್ಲಿ ಅಚ್ಚಿನ ಯಂತ್ರದವನು, ಅಷ್ಟೇ. ಚೆಂಡು ಬಲೆಯೊಳಗೆ ಬೀಳುವ ಮೊದಲೇ ಫೋನಿನಲ್ಲಿ ಸುದ್ದಿ ಬಂದಿರುತ್ತಿತ್ತು. ಊರಿನ ಹುಡುಗರು ಎಲ್ಲಿಯದೋ ದೂರದ ತಂಡದ ಅಂಗಿ ತೊಟ್ಟು, ಕಣ್ಣಾರೆ ಕಾಣದ ಮೈದಾನಕ್ಕಾಗಿ ಕಿತ್ತಾಡುತ್ತಿದ್ದರು. ಪಕ್ಕದ ದಡದವರನ್ನು ಬೈಯುವುದಕ್ಕೆ ಯಾರಿಗೂ ಪುರಸೊತ್ತಿಲ್ಲ. ವರ್ಷದ ಆ ಒಂದು ಸೋಮವಾರ ಮಾತ್ರ ಪತ್ರಿಕೆ ಚೆನ್ನಾಗಿ ಹೋಗುತ್ತಿತ್ತು. ಉಳಿದ ವಾರಗಳನ್ನು ಅದೇ ಎಳೆಯುತ್ತಿತ್ತು.

ಹೀಗಿರುವಾಗ ಅವನು ಸತ್ತ. ಎದೆನೋವು ಎಂದ, ಕೂತ, ಅಷ್ಟೇ. ಕನ್ನಡಕ ಕಿಟಕಿಯ ಕಟ್ಟೆಯ ಮೇಲೆ ಉಳಿಯಿತು. ಅವಳು ಅದನ್ನು ಸೀರೆ ಸೆರಗಿನಿಂದ ಒರೆಸಿಟ್ಟಳು. ಒರೆಸಬಾರದಿತ್ತು. ಅವನ ಬೆರಳ ಗುರುತು ಹೋಯಿತು.

ದೊಡ್ಡ ಆಟ ಹತ್ತಿರ ಬಂದಾಗ ಸಂಪಾದಕರು ಮನೆಗೆ ಬಂದರು. ಬಾಗಿಲಲ್ಲೇ ನಿಂತು ಹೇಳಿದರು.

"ಈ ಸಲ ಎರಡು ಪುಟ ಆಗಲ್ಲಮ್ಮ. ಯಾರು ಎಷ್ಟು ಗೋಲು ಅಂತ ಒಂದು ಸಾಲು ಹಾಕಿ ಮುಗಿಸ್ತೀನಿ."

"ಒಂದು ಸಾಲಿಗೆ ಯಾರು ದುಡ್ಡು ಕೊಡ್ತಾರೆ ಸಾರ್?"

"ಕೊಡಲ್ಲ. ಅಂಗಡಿ ಮುಚ್ಚೋದೇ."

ಗಂಡನನ್ನು ಕಳಿಸಿಕೊಟ್ಟಾಗಿತ್ತು. ಅವನ ಕೆಲಸವನ್ನೂ ಇದೇ ಬಾಗಿಲಿಂದ ಕಳಿಸಬೇಕೇ?

"ನಾನು ಬರೀತೀನಿ" ಎಂದಳು.

ಸಂಪಾದಕರು ಅವಳನ್ನು ನೋಡಿದರು. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. "ಗಿರಣಿ ಕಡೆ ಪುಟ ನೀವು ಬರೀತೀರಿ, ಒಪ್ಪಿದೆ. ರಕ್ತದಲ್ಲೇ ಇದೆ ನಿಮಗೆ. ರೈಲು ಕಡೆಯವರನ್ನ ಹೊಗಳ್ತೀರಾ? ಈ ಬಾಯಲ್ಲಿ?"

ಅದೇ ಕಷ್ಟ. ಗಂಡ ರೈಲು ಕಡೆಯ ಪುಟವನ್ನು ಅಡುಗೆಮನೆಯಲ್ಲಿ ಓದಿ ಹೇಳುವಾಗ, ‘ನನ್ನ ಕೈ ಊಟ ಮಾಡಿ ಹೀಗೆ ಬರೀತೀರಾ’ ಎಂದು ಜಗಳ ತೆಗೆದವಳು ಅವಳು.

"ಎರಡೂ ಬಂದ್ರೆ ಹಾಕ್ತೀನಿ. ಒಂದೇ ಆದ್ರೆ ಬೇಡ" ಎಂದು ಸಂಪಾದಕರು ಹೊರಟರು.

ಭಾನುವಾರ ಅವಳು ಅಣ್ಣನ ಜೊತೆ ಗಿರಣಿಯವರ ಸಾಲಿನಲ್ಲಿ ಕೂತಳು. ಅರ್ಧ ಬೆಂಚುಗಳು ಖಾಲಿ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಗಿರಣಿಯ ಕುಳ್ಳ ಹುಡುಗ ಒಂದು ಗೋಲು ಹೊಡೆದ. ಅವಳು ಎದ್ದು ಕುಣಿದಳು. ಗಂಡ ಸತ್ತವಳು ಕುಣಿಯುತ್ತಾಳೆ ಎಂದು ಯಾರೋ ನೋಡಿದರು. ನೋಡಲಿ ಬಿಡಿ ಎಂದುಕೊಂಡಳು. ಆದರೆ ರೈಲಿನವರ ಬಗ್ಗೆ ಒಂದೇ ಒಂದು ಒಳ್ಳೆಯ ಮಾತು ಅವಳಿಗೆ ಹೊಳೆಯಲಿಲ್ಲ. ಹಲ್ಲು ಕಚ್ಚಿ ನೋಡಿದಳು. ಕಂಡದ್ದೆಲ್ಲ ನೀಲಿ ಕೋತಿಗಳೇ.

ಪಕ್ಕದಲ್ಲಿ ಅಣ್ಣ ಗಂಟಲು ಹರಿದುಕೊಳ್ಳುತ್ತಿದ್ದ.

"ನೋಡೇ ಆ ಹಾಳಾದ ಗೋಲ್‌ಕೀಪರ್‌ನ! ಒಂದು ಸಲ ಬಿಟ್ಟ ಅಂತ ಈಗ ನೊಣಾನೂ ಬಿಡ್ತಿಲ್ಲ! ಗೋಡೆಗೆ ಹುಟ್ಟಿದ್ದಾನೆ ಪೀಡೆ! ಆ ಉದ್ದ ಕಾಲಿನವನು ಇನ್ನೊಬ್ಬ, ನಮ್ಮ ಮೂರು ಜನಾನ ಒಬ್ಬನೇ ಹಿಡ್ಕೊಂಡು ಕೂತಿದ್ದಾನೆ! ಅವನ ಮನೆ ಹಾಳಾಗ!"

ಅವಳು ಥಟ್ಟನೆ ಅಣ್ಣನ ಮುಖ ನೋಡಿದಳು. ಇಷ್ಟು ಚೆನ್ನಾಗಿ ಯಾರು ಹೊಗಳುತ್ತಾರೆ? ‘ಪೀಡೆ’ ತೆಗೆದರೆ ಪುಟ ಸಿದ್ಧ.

ಆಗ ಅವಳಿಗೆ ಅರ್ಥವಾಯಿತು. ಗಂಡ ಪ್ರತಿ ಆಟದಲ್ಲೂ ಅರ್ಧ ಹೊತ್ತು ಇಲ್ಲಿ, ಅರ್ಧ ಹೊತ್ತು ಅಲ್ಲಿ ಕೂರುತ್ತಿದ್ದ. ಯಾಕ್ರೀ ಎಂದರೆ, "ಬೈಗುಳ ಕೇಳೋಕೆ" ಎನ್ನುತ್ತಿದ್ದ. ತಮಾಷೆ ಎಂದುಕೊಂಡಿದ್ದಳು. ಜನ ಬೈಯುವುದು ತಮಗೆ ಹೆದರಿಕೆ ಹುಟ್ಟಿಸಿದವನನ್ನೇ. ಕೆಲಸಕ್ಕೆ ಬಾರದವನನ್ನು ಯಾರೂ ಬೈಯುವುದಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಇದು ತಿಳಿಯಲಿಲ್ಲವಲ್ಲ ಎಂದು ಅವಳಿಗೆ ಗಂಡನ ಮೇಲೆ ಸಿಟ್ಟೇ ಬಂತು. ಬಿಡಿಸಿ ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು?

ಅರ್ಧ ಆಟಕ್ಕೆ ಬಿಡುವು ಕೊಟ್ಟಾಗ ಅವಳು ಎದ್ದಳು.

"ಎಲ್ಲಿಗೆ?" ಎಂದ ಅಣ್ಣ.

"ಆ ಕಡೆಗೆ."

"ತಲೆ ಕೆಟ್ಟಿದೆಯಾ?"

"ಕೆಲಸ ಇದೆ."

ಮೈದಾನದ ಸುತ್ತ ನಡೆದು ರೈಲಿನವರ ಸಾಲಿಗೆ ಹೋದಳು. ಅಲ್ಲಿ ಮೈದುನ ಇದ್ದ, ಸೈಕಲ್ ರಿಪೇರಿಯವನು. ಅತ್ತಿಗೆಯನ್ನು ನೋಡಿ ಜಾಗ ಬಿಟ್ಟು ಕೂತ. ಕೂತವನು ಶುರು ಮಾಡಿದ.

"ಆ ಕುಳ್ಳನ್ನ ನೋಡಿ ಅತ್ತಿಗೆ! ಅವನಿಗೆ ಎರಡು ಕಾಲಲ್ಲ, ನಾಲ್ಕು! ಎಲ್ಲಿ ನೋಡಿದ್ರೂ ಅವನೇ. ಮನೇಲಿ ಅನ್ನ ಹಾಕಲ್ವಾ ಇವನಿಗೆ? ಹೋಗಿ ಮಲಗಬಾರ್ದಾ!"

"ಇನ್ನೊಂದು ಸಲ ಹೇಳಪ್ಪ" ಎಂದಳು ಅವಳು.

"ಯಾಕೆ?"

"ಚೆನ್ನಾಗಿದೆ. ಹೇಳು."

ಆಟ ಮುಗಿಯುವ ಹೊತ್ತಿಗೆ ಚೆಂಡು ಗಿರಣಿಯವನೊಬ್ಬನ ಮೊಣಕಾಲಿಗೆ ಬಡಿದು, ಅವರದೇ ಬಲೆಯೊಳಗೆ ಹೋಯಿತು. ಒಂದಕ್ಕೆ ಒಂದು. ಸಮ. ರೈಲಿನವರು ಕುಣಿದರು. ಅವಳು ಬೆಂಚಿನ ಅಂಚು ಹಿಡಿದು ಕೂತಳು.

ಸಂಜೆಯೇ ಬರೆದಳು. ನಿಧಾನವಾಗಿ, ಚಿಕ್ಕ ಚಿಕ್ಕ ಸಾಲು. ದೊಡ್ಡದು ಅವಳಿಗೆ ಬರುತ್ತಿರಲಿಲ್ಲ.

ಗಿರಣಿ ಕಡೆಯ ಪುಟ ಹೀಗಿತ್ತು: "ನಿನ್ನೆ ಬಿದ್ದದ್ದು ಎರಡು ಗೋಲು. ಎರಡನ್ನೂ ಹೊಡೆದವರು ನಾವೇ. ರೈಲಿನವರು ಒಂದು ಗೋಲೂ ಹೊಡೆಯದೆ ಮನೆಗೆ ಹೋದರು. ನಮ್ಮ ಕುಳ್ಳನಿಗೆ ನಾಲ್ಕು ಕಾಲು. ಎಲ್ಲಿ ನೋಡಿದರೂ ಅವನೇ."

ರೈಲು ಕಡೆಯದು ಹೀಗೆ: "ನಮ್ಮ ಹುಡುಗರು ಕಾಲು ನೋಯಿಸಿಕೊಳ್ಳಲಿಲ್ಲ. ಗೋಲನ್ನು ಗಿರಣಿಯವರಿಂದಲೇ ಹೊಡೆಸಿದರು. ನಮ್ಮ ಗೋಲ್‌ಕೀಪರ್ ಗೋಡೆಗೆ ಹುಟ್ಟಿದವನು. ಒಂದು ಸಲ ಬಿಟ್ಟ, ಆಮೇಲೆ ನೊಣವನ್ನೂ ಬಿಡಲಿಲ್ಲ."

ಸಂಪಾದಕರು ಎರಡನ್ನೂ ಓದಿದರು. ಮತ್ತೆ ಓದಿದರು. ಒಂದಕ್ಷರ ತಿದ್ದಲಿಲ್ಲ. ಯಂತ್ರದವನಿಗೆ, "ಎರಡು ದಾರಾನೂ ತೆಗಿ" ಎಂದರು.

ಸೋಮವಾರ ಮಧ್ಯಾಹ್ನ ಅಣ್ಣ ಕುಂಟುತ್ತಾ ಸೇತುವೆ ದಾಟಿ ಬಂದ. ಕೈಯಲ್ಲಿ ರೈಲು ಕಡೆಯ ಪತ್ರಿಕೆ. ಮುಖ ಕೆಂಡ.

"ಗೋಡೆಗೆ ಹುಟ್ಟಿದವನು ಅಂತ ಅಂದಿದ್ದು ನಾನು! ಬೈದಿದ್ದು ಕಣೇ ಅದು! ನನ್ನ ಮಾತು ಕದ್ದು ಅವರಿಗೆ ಹಾರ ಹಾಕಿದ್ದೀಯಲ್ಲ!"

ಅಷ್ಟರಲ್ಲಿ ಮೈದುನ ಬಂದ, ಗ್ರೀಸ್ ಕೈಯಲ್ಲೇ, ಗಿರಣಿ ಕಡೆಯ ಪತ್ರಿಕೆ ಹಿಡಿದು. "ಅತ್ತಿಗೆ, ಆ ಕುಳ್ಳನ ನಾಲ್ಕು ಕಾಲು ನಂದು!"

"ಕಾಲು ನಿಂದಾ? ಗೋಲು ನಿಂದಾ ಹೇಳು ಮೊದಲು. ಇಡೀ ಆಟದಲ್ಲಿ ಒಂದು ಹೊಡೆದ್ರಾ ನೀವು?" ಎಂದ ಅಣ್ಣ.

"ನಾವ್ಯಾಕೆ ಹೊಡೀಬೇಕು, ನೀವಿರುವಾಗ?"

ಅವಳು ಒಲೆಯ ಮೇಲೆ ಟೀಗೆ ಇಟ್ಟಳು. ಅಣ್ಣ ಮಣೆಯ ಮೇಲೆ ಕೂತ. ಉಳಿದಿದ್ದದ್ದು ಒಂದೇ ಕುರ್ಚಿ, ಗಂಡನದು. ಮೈದುನ ಅದನ್ನು ನೋಡಿ ನಿಂತೇ ಇದ್ದ.

"ಕೂತ್ಕೋಪ್ಪ. ಅವರು ಹೋದ್ರು, ಕುರ್ಚಿ ಹೋಗಿಲ್ಲ."

ಅವನು ಅಂಚಿನಲ್ಲಿ ಕೂತ. ಮಾತು ಬೆಳೆಯಿತು. ರೆಫ್ರಿ ಬಂದ, ರೆಫ್ರಿಯ ಅಜ್ಜಿ ಬಂದಳು, ಹಳೆಯ ಆಟಗಳೆಲ್ಲ ಎದ್ದು ಬಂದವು. ಅಡುಗೆಮನೆಯಲ್ಲಿ ಇಷ್ಟು ಗದ್ದಲ ಆಗದೆ ಎಷ್ಟೋ ದಿನವಾಗಿತ್ತು. ಅವಳಿಗೆ ಕಣ್ಣು ತುಂಬಿತು. ಒಲೆಯ ಕಡೆ ತಿರುಗಿ ನಿಂತಳು, ಆದರೆ ನಗುವೂ ತಡೆಯಲಿಲ್ಲ.

ಆಮೇಲೆ ಎರಡು ಬಿಳಿ ಹಾಳೆ ತಂದು ಇಬ್ಬರ ಮುಂದೆಯೂ ಒಂದೊಂದು ಇಟ್ಟಳು.

"ಇದೇನೇ?" ಎಂದ ಅಣ್ಣ.

"ಬಾಯಲ್ಲಿ ಬೈದ್ರೆ ಏನು ಬಂತು? ಬರೀರಿ. ಕಾಲು ಯಾರದು, ಗೋಡೆ ಯಾರದು, ಎಲ್ಲ ಬರೀರಿ. ನನ್ನನ್ನೂ ಬೈದು ಬರೀರಿ. ಮುಂದಿನ ಸೋಮವಾರ ಸಂಪಾದಕರಿಗೆ ಅಚ್ಚು ಹಾಕೋಕೆ ಏನಾದ್ರೂ ಬೇಕಲ್ಲ."

"ಮುಂದಿನ ಸೋಮವಾರ ಪೇಪರ್ ಬರುತ್ತಾ?" ಎಂದ ಮೈದುನ.

"ನೀವು ಖಾರವಾಗಿ ಬರೆದ್ರೆ ಬರುತ್ತೆ."

ಅಣ್ಣ ಪೆನ್ಸಿಲ್ ಕೇಳಿ ತೆಗೆದುಕೊಂಡ. ಮೈದುನ ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡ. ಒಬ್ಬರದು ಒಬ್ಬರಿಗೆ ಕಾಣದ ಹಾಗೆ ಎಡಗೈ ಅಡ್ಡ ಇಟ್ಟುಕೊಂಡು, ಇಬ್ಬರೂ ಹಾಳೆಯ ಮೇಲೆ ಬಗ್ಗಿದರು.