ಸುಯ್ಯೆನ್ನದ ಡಬ್ಬಿ

ಡೆಲ್ಫಿಯ ಮಲಿನ್ಸ್ ಜೀವಮಾನವಿಡೀ ಶಾಲೆಯ ಅಡುಗೆಮನೆಯಲ್ಲಿ ಹಂಡೆ ಉಜ್ಜಿದವಳು. ಬಾಯಿ ಒರಟು, ಕೈ ಅದಕ್ಕಿಂತ ಒರಟು. ಮುಷ್ಕರದ ದಿನಗಳಲ್ಲಿ ಗಣಿಯ ಗೇಟಿನ ಮುಂದೆ ಬೀನ್ಸು ಬೇಯಿಸಿ ನಮಗೆಲ್ಲ ಬಡಿಸುತ್ತಿದ್ದಳು. ಯಾರಾದರೂ ಉಪ್ಪು ಕಡಿಮೆಯಾಯಿತು ಎಂದರೆ, "ಕಂಪನಿ ಬಾಗಿಲಿಗೆ ಹೋಗಿ ನೆಕ್ಕು, ಅಲ್ಲಿ ನಮ್ಮ ಬೆವರಿದೆ" ಅನ್ನುತ್ತಿದ್ದಳು.

ನಮ್ಮ ಸ್ಲೇಟ್ ಲಿಕ್ ಕಣಿವೆಯ ನೆತ್ತಿಯ ಮೇಲೆ ಕಂಪನಿಯವರು ಗಣಿಯ ಕಸವನ್ನೇ ಪೇರಿಸಿ ಅಣೆ ಕಟ್ಟಿದ್ದರು. ಕಲ್ಲಿದ್ದಲು ತೊಳೆದ ಕರಿ ಕೊಚ್ಚೆ ಅದರ ಹಿಂದೆ ನಿಂತಿರುತ್ತಿತ್ತು. ಪಕ್ಕದ ಕಣಿವೆಯಲ್ಲಿ ಅಂಥದೇ ಒಂದು ಅಣೆ ಒಡೆದಾಗ ಡೆಲ್ಫಿಯಳ ಅಕ್ಕ ಮನೆಯ ಸಮೇತ ಕೊಚ್ಚಿಹೋಗಿದ್ದಳು. ಅದಕ್ಕೇ ನಾವು ಸೈರನ್ ಬೇಕೆಂದು ಧರಣಿ ಕೂತೆವು. ಕಾವಲಿನವರು ಇದ್ದಾರೆ, ಏನಾದರೂ ಆದರೆ ತಿಳಿಸುತ್ತೇವೆ ಎಂದ ಅಧಿಕಾರಿ.

"ನಮ್ಮಕ್ಕನಿಗೂ ಇದನ್ನೇ ಹೇಳಿದ್ರಂತೆ" ಎಂದಳು ಡೆಲ್ಫಿಯ. "ಇನ್ನೂ ಕಾಯ್ತಾ ಇದಾಳೆ, ಮಣ್ಣಿನ ಕೆಳಗೆ."

ಸೈರನ್ ಬರಲಿಲ್ಲ. ಕೊನೆಗೆ ನಾವೇ ಟೋಪಿ ಹಿಡಿದು ಮನೆಮನೆ ತಿರುಗಿ ಚಂದಾ ಎತ್ತಿ ಒಂದು ಸ್ಕ್ಯಾನರ್ ಕೊಂಡೆವು. ಅಂಗೈಗೆ ಕೂರುವ ರೇಡಿಯೋ; ಅದರಲ್ಲಿ ಮಾತಾಡಲು ಬರುವುದಿಲ್ಲ, ಕೇಳಬಹುದು ಅಷ್ಟೆ. ಅಣೆಯ ಕಾವಲಿನವರು ತಮ್ಮ ತಮ್ಮಲ್ಲಿ ರೇಡಿಯೋದಲ್ಲಿ ಆಡುವ ಮಾತು ಅದರಲ್ಲಿ ಕೇಳಿಸುತ್ತಿತ್ತು. ನಮಗೆ ಹೇಳದಿದ್ದರೂ ಒಬ್ಬರಿಗೊಬ್ಬರು ಹೇಳಿಕೊಳ್ಳಲೇಬೇಕಲ್ಲ.

ಗಣಿಯ ಹಾಗೆಯೇ ಅದಕ್ಕೂ ಪಾಳಿ ಹಾಕಿದೆವು. ಪಾಳಿ ಮುಗಿದವನು ಮುಂದಿನವನಿಗೆ ಡಬ್ಬಿ ಕೊಡುತ್ತಾನೆ. ತೆಗೆದುಕೊಂಡವನು ಮೊದಲು ಗದ್ದಲ ತಡೆಯುವ ಗುಂಡಿಯನ್ನು ಹಿಂದಕ್ಕೆ ಪೂರ್ತಿ ತಿರುಗಿಸಬೇಕು. ಬಾಣಲೆಯ ಕೊಬ್ಬಿಗೆ ನೀರು ಬಿದ್ದಂತೆ ಡಬ್ಬಿ ಸುಯ್ ಅನ್ನುತ್ತದೆ. ಆಮೇಲೆ ಆ ಸದ್ದು ಅಡಗುವಷ್ಟು ಮಾತ್ರ ಮುಂದಕ್ಕೆ. ಪಾಳಿಯ ನಡುವೆಯೂ ಆಗಾಗ ಹೀಗೆ ಮಾಡಬೇಕು. "ಸುಯ್ ಅಂದ್ರೆ ಜೀವ ಇದೆ. ಸುಮ್ನಿದೆ ಅಂತ ಸುಮ್ನೆ ಕೂತ್ಕೊಂಡ್ರೆ ಸಾಯ್ತೀರ" ಎಂದು ಡೆಲ್ಫಿಯ ಎಲ್ಲರಿಗೂ ಹೇಳಿದ್ದಳು. ಗುಡುಗುವಾಗ ಚಾವಣಿಯ ಏರಿಯಲ್ ತಂತಿ ಕಳಚಿಡಬೇಕು. ಚಾರ್ಜಿಗೆ ಡಬ್ಬಿಯ ಜೊತೆ ಬಂದ ವಯರು ಬಿಟ್ಟು ಬೇರೆ ಯಾವುದನ್ನೂ ಸಿಕ್ಕಿಸಬಾರದು. ಆಂಬುಲೆನ್ಸಿನವರ ಮಾತೂ ಅದರಲ್ಲಿ ಬರುತ್ತಿತ್ತು; ಯಾರ ಮನೆಗೆ ಹೋಯಿತೆಂದು ಕೇಳಿಸಿದರೂ ಬಾಯಿ ಬಿಡಬಾರದು.

ಆ ವಸಂತದಲ್ಲಿ ಚಾರ್ಜಿನ ಸೆಲ್ಲುಗಳು ಸತ್ತುಹೋದವು. ಪಟ್ಟಣದಿಂದ ಹೊಸವು ಬರುವ ತನಕ ಇರಲೆಂದು ಡೆಲ್ಫಿಯ ಅಂಗಡಿಯ ಸಾದಾ ಸೆಲ್ಲು ಹಾಕಿದಳು. ಚಾರ್ಜಿನ ತೂತಿನ ಮೇಲೆ ಕರಿ ಟೇಪು ಅಂಟಿಸಿದಳು. "ಇವು ಬಳಸಿ ಬಿಸಾಕೋವು. ವಯರು ಸಿಕ್ಕಿಸಿದ್ರೆ ಕಾದು ಒಡೀತವೆ" ಎಂದು ಪಾಳಿಯ ಪ್ರತಿಯೊಬ್ಬರಿಗೂ ಹೇಳಿದಳು. ಹೋಬರ್ಟ್ ರ‍್ಯಾಟ್ಲಿಫ್‌ಗೂ ಹೇಳಿದ್ದಳು.

ಹೋಬರ್ಟ್ ಮೀಸೆ ಮೂಡುವ ಮೊದಲೇ ಗಣಿಗಿಳಿದವನು. ಮೇಲೆ ಬಂದ ಕೂಡಲೇ ತಲೆಯ ದೀಪ ಬಿಚ್ಚಿ ಚಾರ್ಜಿನ ಸಾಲಿಗೆ ಸಿಕ್ಕಿಸುವುದು ಗಣಿಯವನ ಅಭ್ಯಾಸ. ಸಿಕ್ಕಿಸದೆ ಮನೆಗೆ ಹೋದವನಿಗೆ ಮಾರನೇ ದಿನ ಪಾತಾಳದಲ್ಲಿ ಕತ್ತಲೆ. ತಲೆಗೆ ಗೊತ್ತಾಗುವ ಮೊದಲೇ ಕೈ ಆ ಕೆಲಸ ಮುಗಿಸಿರುತ್ತದೆ. ಒಂದು ರಾತ್ರಿ ಅವನ ಪಾಳಿ. ಹೆಂಡತಿ ಊಟಕ್ಕೆ ಕರೆದಾಗ ಹೋಬರ್ಟ್ ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ, ಟೇಪು ಕಿತ್ತ, ವಯರು ಸಿಕ್ಕಿಸಿದ. ಕಿತ್ತದ್ದೇ ನೆನಪಿಲ್ಲ ಎಂದು ಆಮೇಲೆ ಹೇಳಿದ. ನಾನು ನಂಬುತ್ತೇನೆ.

ಕರೆಂಟು ಇರುವವರೆಗೆ ಡಬ್ಬಿ ಗೋಡೆಯ ಕರೆಂಟಿನಲ್ಲೇ ಓಡಿತು. ಒಳಗೆ ಸೆಲ್ಲುಗಳು ಕಾದು ಸೋರುತ್ತಿದ್ದವು. ಬೆಳಗಾಗುವ ಹೊತ್ತಿಗೆ ಜಡಿಮಳೆಗೆ ಮರವೊಂದು ತಂತಿಯ ಮೇಲೆ ಬಿದ್ದು ಕಣಿವೆಯ ಕರೆಂಟೂ ಫೋನೂ ಹೋದವು. ಡಬ್ಬಿಯ ಉಸಿರು ನಿಂತಿತು. ಬಂಡೆ ಕೊರೆದೂ ಕೊರೆದೂ ಹೋಬರ್ಟನ ಕಿವಿ ಅರ್ಧ ಹೋಗಿತ್ತು. ಡಬ್ಬಿಯ ಮುಖದಲ್ಲಿ ಮೂಡುವ ಸಣ್ಣ ಅಕ್ಷರ ಅವನ ಕಣ್ಣಿಗೆ ಎಂದೂ ಕಂಡದ್ದಿಲ್ಲ; ಅದು ಆರಿದ್ದೂ ತಿಳಿಯಲಿಲ್ಲ. ಗುಂಡಿ ತಿರುಗಿಸಿ ನೋಡಲಿಲ್ಲ. ಕಾವಲಿನವರಿಗೆ ಹೇಳಲು ಏನೂ ಇಲ್ಲ ಅಂದುಕೊಂಡ.

ಬೇಲಿಯಾಚೆಯ ಮನೆಯಿಂದ ತಮ್ಮ ಆರ್ಲಿಸ್ ಕೂಗಿದ: "ಏನಂತೋ ನಿನ್ನ ಡಬ್ಬಿ?"

"ಏನೂ ಇಲ್ಲ. ಸಂಭಾವಿತರ ಹಾಗೆ ಸುಮ್ನಿದೆ."

"ಹಂಗಾದ್ರೆ ಮಲಗ್ತೀನಿ" ಎಂದು ಆರ್ಲಿಸ್ ಒಳಗೆ ಹೋದ.

ಪಾಳಿ ಬದಲಾಯಿಸಲು ಡೆಲ್ಫಿಯ ಬಂದಾಗ ಅವಳ ಮಳೆಯಂಗಿಯಿಂದ ನೀರು ಸುರಿಯುತ್ತಿತ್ತು. ಡಬ್ಬಿ ಕೈಗೆ ತೆಗೆದುಕೊಂಡು ಗುಂಡಿ ತಿರುಗಿಸಿದಳು. ಸದ್ದಿಲ್ಲ. ಕೊನೆಯವರೆಗೂ ತಿರುಗಿಸಿದಳು. ಬೆನ್ನಿನ ಮುಚ್ಚಳ ತೆಗೆದರೆ ಒಳಗೆಲ್ಲ ಬಿಳಿ ಹಕ್ಕಳೆ ಕಟ್ಟಿ, ಒಂದು ಸೆಲ್ಲು ಬಾಯಿ ಬಿಟ್ಟಿತ್ತು. ಹೋಬರ್ಟ್ ಬೆರಳು ಹಾಕಲು ಹೋದ.

"ಮುಟ್ಟಬೇಡ! ಆ ಕೈಲಿ ಕಣ್ಣುಜ್ಜಿದ್ರೆ ಕಣ್ಣು ಹೋಗುತ್ತೆ. ಎಷ್ಟೊತ್ತಿಂದ ಹಿಂಗಿದೆ?"

"ಗೊತ್ತಿಲ್ಲ ಕಣೇ. ಬೇರೆ ಸೆಲ್ಲು ಹಾಕಿ ನೋಡೋಣ."

"ಈ ರಸದ ಮೇಲೆ ಹಾಕ್ತೀಯಾ? ತೊಳೀಬೇಕು, ಒಣಗಿಸ್ಬೇಕು, ಆಮೇಲೂ ನಂಬೋ ಹಾಗಿಲ್ಲ. ಏಳು, ಎಲ್ರನ್ನೂ ಗುಡ್ಡಕ್ಕೆ ಹತ್ತಿಸ್ಬೇಕು."

"ಡಬ್ಬಿ ಏನೂ ಹೇಳೇ ಇಲ್ವಲ್ಲ ಡೆಲ್ಫಿಯ?"

"ಅದಕ್ಕೇ ಕಣೋ ಮುದುಕ! ಕಿವುಡಾಗಿದೆ. ಕಿವುಡಾದ ಡಬ್ಬಿ ಓಡಿ ಅಂತ ಕೂಗಿದ ಡಬ್ಬಿಗೆ ಸಮ."

ಟ್ರಕ್ಕುಗಳ ಹಾರನ್ ಒತ್ತುತ್ತ ನಾವು ಕಣಿವೆಯನ್ನೆಲ್ಲ ಎಬ್ಬಿಸಿದೆವು. ಜನ ಬೈಯುತ್ತಲೇ ಹೊರಟರು. ಮಕ್ಕಳನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಮುದುಕರನ್ನು ಕುರ್ಚಿಯ ಸಮೇತ ಎತ್ತಿಕೊಂಡು ಸ್ಮಶಾನದ ಗುಡ್ಡ ಹತ್ತಿದರು. ಆರ್ಲಿಸ್ ಮಾತ್ರ ಹಾಸಿಗೆ ಬಿಡಲಿಲ್ಲ.

"ಡಬ್ಬಿ ಹೇಳ್ತಾ?" ಎಂದ.

"ಡಬ್ಬಿ ಸತ್ತಿದೆ" ಎಂದಳು ಡೆಲ್ಫಿಯ.

"ಸತ್ತಿರೋದರ ಮಾತು ಕೇಳಿ ಮಳೇಲಿ ಓಡ್ಲಾ? ಹೋಗಮ್ಮ, ರಿಪೇರಿ ಮಾಡ್ಸಿ ತಾ."

ಹೋಬರ್ಟ್ ಅವನ ತೋಳು ಹಿಡಿದು ಎಳೆದ. ಆರ್ಲಿಸ್ ಕೊಡವಿಕೊಂಡ. "ಏನೂ ಇಲ್ಲ ಅಂದಿದ್ದು ನೀನೇ ತಾನೇ?"

ಮತ್ತೆ ಎಳೆಯಲು ಹೋದ ಹೋಬರ್ಟನನ್ನು ನಾನೂ ಡೆಲ್ಫಿಯಳೂ ಹಿಡಿದು ಗುಡ್ಡಕ್ಕೆ ಸಾಗಿಸಿದೆವು. ಮೇಲೆ ತಲುಪಿ ಉಸಿರು ತೆಗೆದುಕೊಳ್ಳುವುದರೊಳಗೆ ಕಣಿವೆಯ ನೆತ್ತಿಯಿಂದ ಕರಿ ಕೊಚ್ಚೆ ಇಳಿಯಿತು. ಅದು ನೀರಿನ ಹಾಗೆ ಹರಿಯಲಿಲ್ಲ. ಗೋಡೆಯೊಂದು ನಡೆದುಕೊಂಡು ಬಂದಂತೆ ಬಂತು. ಕೆಳಸಾಲಿನ ಮನೆಗಳೆಲ್ಲ ಹೋದವು. ಆರ್ಲಿಸ್ ಕಣಿವೆಯ ತಿರುವಿನಾಚೆ ಸಿಕ್ಕಿದ, ಬಾಯಿ ತುಂಬ ಕೆಸರು.

ಮಳೆ ದೇವರದು ಎಂದಿತು ಕಂಪನಿ. ಅದೇ ಜಾಗದಲ್ಲಿ ಇನ್ನೂ ಎತ್ತರದ ಅಣೆ ಕಟ್ಟಲು ಶುರು ಮಾಡಿತು. ನಮ್ಮವರೋ, ಯೂನಿಯನ್ ಹಾಲಿನಲ್ಲಿ ಸಭೆ ಸೇರಿ ಹೋಬರ್ಟನ ಮೇಲೆ ಬಿದ್ದರು. ಇನ್ನು ಅವನ ಕೈಗೆ ಡಬ್ಬಿ ಕೊಡಬಾರದು ಎಂದರು. ಅವನು ಮೂಲೆಯಲ್ಲಿ ನೆಲ ನೋಡುತ್ತ ಕೂತಿದ್ದ.

ಡೆಲ್ಫಿಯ ಎದ್ದಳು. "ಆ ಕೊಚ್ಚೆಗುಡ್ಡ ಕಟ್ಟಿದ್ದು ಹೋಬರ್ಟಾ? ಸೈರನ್ ಕೊಡಲ್ಲ ಅಂದಿದ್ದು ಹೋಬರ್ಟಾ? ಈಗ ಕಂಪನಿ ಮುಂದೆ ಬಾಯಿ ಬಿಡದವ್ರು ಇಲ್ಲಿ ಕೂಗ್ತೀರ." ಅವನ ಕಡೆ ತಿರುಗಿದಳು. "ಟೇಪು ಕಿತ್ತಿದ್ದು ಮಾತ್ರ ನೀನೇ. ಗುಂಡಿ ತಿರುಗಿಸದೆ ಇದ್ದಿದ್ದೂ ನೀನೇ. ಅದನ್ನ ಯಾರೂ ನಿನ್ನ ಹೆಗಲಿಂದ ಇಳಿಸಕ್ಕಾಗಲ್ಲ."

ರಬ್ಬರ್ ಕೈಗವಸು ಹಾಕಿಕೊಂಡು, ವಿನಿಗರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ದಿನಗಟ್ಟಲೆ ಒಣಗಿಸಿ, ಹೊಸ ಸೆಲ್ಲು ಹಾಕಿ, ಆ ಡಬ್ಬಿಗೆ ಅವಳು ಮತ್ತೆ ಜೀವ ಬರಿಸಿದ್ದಳು. ಈಗ ಅದನ್ನು ಅವನ ಮುಂದೆ ಚಾಚಿದಳು.

"ಹಿಡಿ. ನಿನ್ನ ಪಾಳಿ."

"ನನಗೆ ಬೇಡ ಕಣೇ."

"ಇನ್ಯಾರಿಗೆ ಕೊಡ್ಲಿ? ಇವ್ರೆಲ್ಲ ಬೇಸಿಗೆ ಬಂದ್ರೆ ಮರೀತಾರೆ. ನೀನು ಮರೆಯಲ್ಲ."

ಹೋಬರ್ಟ್ ತೆಗೆದುಕೊಂಡ. ಎಲ್ಲರೆದುರು ಗುಂಡಿ ಹಿಂದಕ್ಕೆ ತಿರುಗಿಸಿದ. ಸುಯ್ ಅಂದಿತು.

ಕೆಲವು ಚಳಿಗಾಲ ಕಳೆದ ಮೇಲೆ ಡೆಲ್ಫಿಯ ಎದೆಯ ಕಾಯಿಲೆಯಿಂದ ಸತ್ತಳು. ಇಡೀ ಕಣಿವೆ ಗುಡ್ಡ ಹತ್ತಿತು. ಹೋಬರ್ಟ್ ಬರಲಿಲ್ಲ. ಅವರಿಬ್ಬರಿಗೆ ಜಗಳವೇನಾದರೂ ಇತ್ತೇ ಎಂದು ಹೊಸ ಪಾದ್ರಿ ಕೇಳಿದ. ಇವತ್ತು ಅವನ ಪಾಳಿ ಎಂದೆವು.

ಇಳಿದು ಬರುವಾಗ ಅವನು ತನ್ನ ಹೊಸ ಮನೆಯ ಜಗಲಿಯಲ್ಲಿ ಒಳ್ಳೆಯ ಕೋಟು ಹಾಕಿಕೊಂಡು, ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಕೂತಿದ್ದ.

"ಹಾಡು ಹೇಳಿದ್ರಾ?"

"ಹೇಳಿದ್ವಿ."

"ಅವಳ ಸಮಾಧಿ ಗುಂಡೀಲಿ ನೀರು ನಿಂತಿತ್ತಾ?"

"ಇಲ್ಲ, ಒಣಗಿತ್ತು."

ತಲೆಯಾಡಿಸಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟ. ನಾನು ಗುಂಡಿ ತಿರುಗಿಸುವವರೆಗೂ ಅವನು ಕಾದ. ಅದು ಸುಯ್ ಎಂದ ಮೇಲೆ, ಒಬ್ಬನೇ ಗುಡ್ಡದ ಕಡೆ ನಡೆದ.