ರಾಕೆಟ್ಟಿನ ತಲೆಯ ಮೇಲೊಂದು ಗುಂಡಕಲ್ಲು

ಕಳೆದ ರವಿವಾರ ನಾನೊಂದು ಕಲ್ಲನ್ನು ತೊಟ್ಟಿಲಲ್ಲಿ ಹಾಕಿ ತೂಗಿದೆ. (ನಕ್ಕುಬಿಡಿ. ಮನೆಯಲ್ಲಿ ಆಗಲೇ ನಕ್ಕಾಗಿದೆ.)

ಮಗಳು ಸವಿತಾ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಈಗ ಏಳು ತಿಂಗಳ ಬಸುರಿ. ಹೋದ ವರ್ಷ ನಾಲ್ಕನೇ ತಿಂಗಳಿಗೇ ಒಂದು ಕೈತಪ್ಪಿತ್ತು. ಅವತ್ತಿನಿಂದ ಆಸ್ಪತ್ರೆಯ ಫೋನ್ ನಂಬರನ್ನು ಮೂರು ಕಡೆ ಬರೆದಿಟ್ಟಿದ್ದೇನೆ. ಒಂದು ಚಪ್ಪಲಿ ಸ್ಟ್ಯಾಂಡಿನ ಮೇಲೆ. ಅಂಥ ನನಗೆ ತಿಳಿಸದೆ ಅವಳು ಕಲಘಟಗಿಯಲ್ಲಿ ತೊಟ್ಟಿಲಿಗೆ ಹೇಳಿ ಬಂದಿದ್ದಳು. ತರಲು ಮಾತ್ರ ನನ್ನ ಕಾರು ಬೇಕಾಯಿತು. ಕೂಸು ಬರುವ ಮುಂಚೆಯೇ ತೊಟ್ಟಿಲೇ?

ದಾರಿಯುದ್ದಕ್ಕೂ ಮಕ್ಕಳಿಗೆ ಹೇಳಬೇಕಾದ ಪಾಠವನ್ನು ನನ್ನ ಮೇಲೆ ಪ್ರಯೋಗಿಸಿದಳು: ಮಹಾಯುದ್ಧದ ನಂತರ ಯುರೋಪಿನವರು ರಾಕೆಟ್ ಎಂಜಿನ್ ಮಾಡಿದ ಕಥೆ. ಬ್ರಿಟನ್ನಿನವರು ಗಾಯ ತೊಳೆಯುವ ನೊರೆ ಔಷಧಿ ಹೈಡ್ರೋಜನ್ ಪೆರಾಕ್ಸೈಡನ್ನೇ ಕಡಕ್ ಮಾಡಿ, ಬೆಳ್ಳಿ ಲೇಪದ ಜಾಲರಿಯ ಮೇಲೆ ಹಾಯಿಸಿ, ಹೊಮ್ಮಿದ ಬಿಸಿ ಗಾಳಿಯಲ್ಲಿ ಚಿಮಣಿ ಎಣ್ಣೆ ಉರಿಸಿದರಂತೆ. ಎಂಜಿನ್ನನ್ನು ಹಾರದಂತೆ ಕಟ್ಟಿಹಾಕಿ, ನೆಲದ ಮೇಲೇ ಉರಿಸಿ ನೋಡುತ್ತಿದ್ದರಂತೆ. ಆಮೇಲೆ ಹಲವು ದೇಶಗಳು ಸೇರಿ ಮೂರಂತಸ್ತಿನ ರಾಕೆಟ್ ಮಾಡಿದವು. ಮೊದಮೊದಲು ಕೆಳಗಿನ ಎಂಜಿನ್ ಮಾತ್ರ ನಿಜ. ಮೇಲಿನ ಅಂತಸ್ತುಗಳಲ್ಲಿ ಎಂಜಿನ್ನಿನ ಬದಲು ಅಷ್ಟೇ ತೂಕದ ಬರೀ ಭಾರ ಇಟ್ಟಿದ್ದರು. ಮೇಲೂ ನಿಜವಾದ ಎಂಜಿನ್ ಕೂರಿಸಿದಾಗ? ಒಂದೂ ಉಪಗ್ರಹ ಕಕ್ಷೆ ಸೇರಲಿಲ್ಲ. ಕಡೆಗೆ ಕೈಬಿಟ್ಟರು.

“ಬಸುರಿ ಹೇಳೂ ಕಥಿ ಏನವಾ ಇದು?” ಎಂದೆ.

ತೊಟ್ಟಿಲು ಮಾಡುವ ಅಜ್ಜ ಅದನ್ನು ತೊಲೆಗೆ ತೂಗುಹಾಕಿದ್ದರು. ಹಸಿರು, ಕೆಂಪು, ಅಗದಿ ಚೆಂದ. ನಾನು ಸರಪಳಿ ಜಗ್ಗಿದೆ, ಕೊಂಡಿ ಎಣಿಸಿದೆ, ತೂಗಲು ಹೋದೆ. ಅಜ್ಜ ನನ್ನ ಕೈ ಹಿಡಿದರು.

“ಖಾಲಿ ತೊಟ್ಟಿಲಾ ತೂಗಬಾರದ್ರಿ.”

ಒಳಗಿನಿಂದ ರುಬ್ಬುವ ಗುಂಡಕಲ್ಲು ತಂದು, ಬಟ್ಟೆ ಸುತ್ತಿ, ತಲೆಯ ಕಡೆ ಎತ್ತರ ಮಾಡಿ ಮಲಗಿಸಿದರು. ಇನ್ನು ತೂಗಿರಿ ಎಂದರು.

“ನೋಡಪಾ, ರಾಕೆಟ್ಟಿನವರೂ ಇದನ್ನ ಮಾಡಿದ್ದು,” ಎಂದಳು ಸವಿತಾ.

“ಅವರದು ಕಡೀಕೂ ದಡಾ ಮುಟ್ಟಲಿಲ್ಲಲ್ಲ?” ಬಾಯಿ ತಪ್ಪಿ ಕೇಳಿಬಿಟ್ಟೆ. (ಇಂಥದ್ದಕ್ಕೆ ನನ್ನ ಬಾಯಿ ಸದಾ ಮುಂದು.)

ಅವಳು ಸರಪಳಿ ಹಿಡಿದಳು. ಆಮೇಲೆ ಫ್ರಾನ್ಸಿನವರು ಬೇರೆ ಎಂಜಿನ್ ಮಾಡಿ ಗೆದ್ದರು, ಅದರ ತಂಗಿಯಂಥದ್ದೇ ಇವತ್ತು ನಮ್ಮ ದೇಶದ ರಾಕೆಟ್ಟಿನಲ್ಲಿದೆ ಎಂದಳು. ಮತ್ತೆ, ನನ್ನ ಮುಖ ನೋಡದೆ:

“ಅಂಜಿಕಿ ನನಗೂ ಐತಪಾ. ಅದು ಹೋಗಲಿ ಅಂತ ಕುಂತ್ರ ತೊಟ್ಟಿಲಾ ಆಗೂದಿಲ್ಲ.”

ನಾನು ತೂಗಿದೆ. ಕೊಂಡಿ ಕಿರ್ ಎನ್ನಲಿಲ್ಲ.

ಈಗ ತೊಟ್ಟಿಲು ನಮ್ಮ ನಡುಮನೆಯಲ್ಲಿದೆ. ಒಳಗೆ ನಮ್ಮದೇ ಗುಂಡಕಲ್ಲು, ನನ್ನ ಹಳೆಯ ಧೋತರ ಹೊದ್ದು ಮಲಗಿದೆ. ಚಟ್ನಿ ಅರೆಯಲು ಕಲ್ಲು ಕೊಡಿ ಎಂದು ಹೆಂಡತಿಯ ಗಲಾಟೆ. ಎರಡು ತಿಂಗಳು ಮಿಕ್ಸರಿನಲ್ಲೇ ಅರೆದರೆ ಏನು ಕೊಳ್ಳೆ ಹೋಗುತ್ತದೆ, ನೀವೇ ಹೇಳಿ?