ಹಸಿರು ಪೆನ್ಷನ್ನಿನ ನಾತ

ಕತಾರಿನಲ್ಲಿ ನಮಗೆ ಪೆನ್ಷನ್ ಇಲ್ಲ. ಕೆಲಸ ಮುಗಿದ ದಿನ ಗ್ರಾಚ್ಯುಟಿ ಕೈಗಿತ್ತು ‘ಯಲ್ಲಾ’, ಹೊರಡಿ, ಎನ್ನುತ್ತಾರೆ, ಅಷ್ಟೆ. ಆದ್ದರಿಂದ ಮುಪ್ಪಿನ ಚಿಂತೆಯನ್ನು ನಾವು ಶುಕ್ರವಾರದ ಊಟದ ಜೊತೆ ಮಾಡುತ್ತೇವೆ. ದೋಹಾ ಹತ್ತಿರದ ಉಮ್ಮ್ ಸಲಾಲಿನಲ್ಲಿ ಯಾರಾದರೊಬ್ಬರ ವಿಲ್ಲಾದಲ್ಲಿ ಕನ್ನಡದ ಕುಟುಂಬಗಳು ಸೇರುವುದು, ಮನೆಗೊಂದು ಪದಾರ್ಥ ತರುವುದು, ಊಟವಾದ ಮೇಲೆ ಬೆಂಗಳೂರಿನ ಕಡೆಯ ಒಬ್ಬ ಏಜೆಂಟ್ ಗೋಡೆಯ ಮೇಲೆ ಪ್ರೊಜೆಕ್ಟರ್ ಬಿಟ್ಟು ಉಳಿತಾಯದ ಪಾಠ ಹೇಳುವುದು. ಬೇರೆ ಯಾರೇ ಬಂದರೂ ನೂರು ಪ್ರಶ್ನೆ ಕೇಳುವ ನಾವು, ಬಿಸಿಬೇಳೆಬಾತ್ ತಿಂದು ಕನ್ನಡದಲ್ಲಿ ಮಾತಾಡುವವನಿಗೆ ಮಾತ್ರ ಕಣ್ಣು ಮುಚ್ಚಿ ಸಹಿ ಹಾಕಿಕೊಡುತ್ತೇವೆ. ನನ್ನ ಗಂಡನೂ ನಾನೂ ಹಾಗೆಯೇ ಅವನ ‘ಹಸಿರು ಪೆನ್ಷನ್’ ಫಂಡಿಗೆ ಸೇರಿದ್ದೆವು. ಪರಿಸರಕ್ಕೆ ಹಾನಿ ಮಾಡದ ಕಂಪನಿಗಳ ಷೇರು ಮಾತ್ರ ಅದರಲ್ಲಿರುತ್ತವೆ ಎಂದಿದ್ದ. ಸೇರಿದವರಿಗೆಲ್ಲ ಎಲೆಯ ಚಿತ್ರವಿರುವ ಒಂದೊಂದು ಬಟ್ಟೆಚೀಲ ಪುಕ್ಕಟೆ.

ಕಳೆದ ಚಳಿಗಾಲದ ಒಂದು ಶುಕ್ರವಾರ, ನಮ್ಮ ಹಣ ಎಲ್ಲೆಲ್ಲಿ ಕೆಲಸ ಮಾಡುತ್ತಿದೆ ನೋಡಿ ಎಂದು ಅವನು ವಿಡಿಯೊ ತೋರಿಸಿದ. ಗಾಳಿಯಂತ್ರ, ಸೋಲಾರ್ ಫಲಕ, ಆಮೇಲೆ ಕರಾವಳಿಯಲ್ಲಿ ಸಿಗಡಿ ಸಾಕಣೆಗೆ ಮೀನುಹಿಟ್ಟು ಮಾಡುವ ಒಂದು ಕಾರ್ಖಾನೆ. ಗೇಟಿನೊಳಗೆ ಸಾಲಾಗಿ ನೆಟ್ಟ ಗಿಡಗಳು, ಹಿನ್ನೆಲೆಯಲ್ಲಿ ಕೊಳಲಿನ ನಾದ. ಕಾಂಪೌಂಡಿನ ಆಚೆ ಒಂದು ತಾರಸಿ, ಅದರ ಮೇಲೆ ಹಳದಿ ಬಣ್ಣದ ನೀರಿನ ಟ್ಯಾಂಕು. ಆ ಟ್ಯಾಂಕನ್ನು ಕೊಡಿಸಿದ್ದು ನಾನು. ಅದು ನನ್ನ ಅಕ್ಕನ ಮನೆ.

ಅಕ್ಕ ದೋಸೆ ಹಿಟ್ಟು ಮಾರಿ ಜೀವನ ಮಾಡುವವಳು. ಕಾರ್ಖಾನೆಯ ಕೊಳಚೆ ಹಿತ್ತಲಿನ ಸಣ್ಣ ಹಳ್ಳಕ್ಕೆ, ನಮ್ಮ ಮಾತಿನ ತೋಡಿಗೆ, ಬಿದ್ದು, ತೋಡಿನಿಂದ ಬಾವಿಗೆ ಇಳಿದು, ಅವಳ ನೀರು ಪೂರ್ತಿ ಕೆಟ್ಟಿತ್ತು. ಊರಿಗೆ ಹೋದಾಗ ಆ ನೀರಿನಲ್ಲಿ ಮುಖ ತೊಳೆದು ನಾನು ಅಲ್ಲೇ ವಾಂತಿ ಮಾಡಿಕೊಂಡಿದ್ದೆ. ಕೊಳೆತ ಬೂತಾಯಿ ಮೀನು, ಕಾದ ಎಣ್ಣೆ, ಇನ್ನೇನೋ ಔಷಧದ ಘಾಟು; ಸೋಪು ಹಾಕಿ ಎಷ್ಟು ಉಜ್ಜಿದರೂ ಆ ನಾತ ಮೂಗು ಬಿಟ್ಟು ಹೋಗುವುದಿಲ್ಲ. ಈಗ ಅವಳು ಟ್ಯಾಂಕರ್ ನೀರಿನಲ್ಲೇ ಅಕ್ಕಿ ನೆನೆಹಾಕುತ್ತಾಳೆ. ಆದರೂ ಗಿರಾಕಿಗಳು ಹಿಟ್ಟನ್ನು ಮೂಸಿ ನೋಡುತ್ತಾರೆ, ಅರ್ಧ ಜನ ಬರುವುದನ್ನೇ ಬಿಟ್ಟಿದ್ದಾರೆ. ಹೀಗೇ ಆದರೆ ಗ್ರೈಂಡರ್ ಮಾರಿ ಕೂರುವುದೇ ಎಂದಿದ್ದಳು.

ನಾನು ಎದ್ದು ನಿಂತೆ. “ಆ ಕಾಂಪೌಂಡಿನ ಹಿಂದೆ ನನ್ನ ಅಕ್ಕ ಇದ್ದಾಳೆ. ಅವಳ ಬಾವಿಗೆ ಇವರದ್ದೇ ಗಲೀಜು ಬರುದು. ಇದೆಂತ ಹಸಿರು ಮಾರಾಯ್ರೆ?”

ಏಜೆಂಟ್ ನಕ್ಕ. ಆ ನಗುವಿಗೆ ಎರಡು ಬಾರಿಸಬೇಕೆನಿಸಿತು. “ಮೇಡಂ, ಲೋಕಲ್ ಇಶ್ಯೂಸ್ ಎಲ್ಲಾ ಕಡೆ ಇದ್ದಿದ್ದೇ. ರೇಟಿಂಗ್ ಕೊಡೋರು ಓವರಾಲ್ ನೋಡ್ತಾರೆ. ಗಿಡ ನೆಟ್ಟಿದಾರೆ, ಕಂಪನಿ ಬೋರ್ಡಲ್ಲಿ ಲೇಡೀಸ್ ಇದಾರೆ, ಸ್ಕೋರ್ ಸೂಪರಾಗಿದೆ.”

ಯಾರಾದರೂ ಏನಾದರೂ ಹೇಳುತ್ತಾರೆಂದು ಕಾದೆ. ಸೋಫಾದ ತುದಿಯಲ್ಲಿ ಪಾಯಸ ಕುಡಿಯುತ್ತಿದ್ದ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, “ಅದ್ಸರಿ, ಈ ವರ್ಷ ರಿಟರ್ನ್ಸ್ ಹೆಂಗಪ್ಪಾ?” ಎಂದು ಅವನನ್ನು ಕೇಳಿದರು. ಎಲ್ಲರೂ ಮತ್ತೆ ಗೋಡೆಯತ್ತ ತಿರುಗಿದರು. ಆಗಷ್ಟೇ ನಾನು ತಂದ ಕೋರಿರೊಟ್ಟಿಯನ್ನು ಚಪ್ಪರಿಸಿ ತಿಂದ ಬಾಯಿಗಳು ಅವು. ನನಗೆ ಹೇಸಿಗೆಯಾಯಿತು.

ಕಾರಿನಲ್ಲಿ ಕೂತ ತಕ್ಷಣ ಗಂಡನಿಗೆ, “ನಾಳೆಯೇ ಆ ಹಣ ತೆಗೀರಿ” ಎಂದೆ. ಅವರು ರಾಸ್ ಲಫಾನಿನ ಗ್ಯಾಸ್ ಸ್ಥಾವರದಲ್ಲಿ ಶಿಫ್ಟಿನ ಮೇಲೆ ದುಡಿಯುವವರು. ಸಿಗ್ನಲ್‌ನಲ್ಲಿ ಕಾರು ನಿಲ್ಲಿಸಿ ನನ್ನತ್ತ ತಿರುಗಿದರು.

“ತೆಗೀಲಿಕ್ಕೆ ನಂದೇನೂ ತಕರಾರಿಲ್ಲ. ಆದ್ರೆ ಆ ಹಣ ಬಂದದ್ದು ಎಲ್ಲಿಂದ? ನಾನು ಗ್ಯಾಸಿನಲ್ಲಿ ದುಡಿದು ತಂದದ್ದಲ್ವಾ? ಅದು ನಿಂಗೆ ಪರಿಮಳವಾ?”

ನನ್ನ ಸಿಟ್ಟು ಇನ್ನಷ್ಟು ಏರಿತು. ಅವರ ಮೇಲೂ ಅಸಹ್ಯ, ನನ್ನ ಮೇಲೂ ಅಸಹ್ಯ. ಮನೆ ತಲುಪಿ ಆ ಎಲೆಯ ಚೀಲವನ್ನು ಕಸದ ಡಬ್ಬಿಗೆ ತುರುಕಿದೆ.

ಮರುದಿನ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳ ಸ್ವರದಲ್ಲಿ ಎಷ್ಟೋ ತಿಂಗಳ ಮೇಲೆ ಒಂದು ಗೆಲುವು ಕೇಳಿಸಿತು.

“ಅಂದ್ರೆ ಆ ಫ್ಯಾಕ್ಟ್ರಿಯಲ್ಲಿ ನಿಂಗೂ ಪಾಲುಂಟಾ?”

“ಸಣ್ಣದು ಅಕ್ಕ. ಲೆಕ್ಕಕ್ಕೇ ಇಲ್ಲದ್ದು.”

“ಸಣ್ಣದಾದ್ರೂ ಪಾಲು ಪಾಲೇ ಅಲ್ವಾ? ನಾನು ಗೇಟಿನ ಹತ್ರ ಹೋದ್ರೆ ವಾಚ್‌ಮನ್ ಓಡಿಸ್ತಾನೆ. ನೀನು ಒಂದು ಮಾತು ಹೇಳು ಅವರಿಗೆ. ತೋಡಿಗೆ ಬಿಡುದು ನಿಲ್ಲಿಸಿದ್ರೆ ಸಾಕು. ಹಣ ಮಾತ್ರ ತೆಗೀಬೇಡ ಮಾರಾಯ್ತಿ, ನಮ್ಮವರು ಒಬ್ಬರಾದ್ರೂ ಒಳಗೆ ಇರ್ಲಿ.”

ಷೇರು ಕೊಂಡದ್ದು ಫಂಡು, ನಾನು ಹಣ ಹಾಕಿದ್ದು ಫಂಡಿಗೆ. ಕಂಪನಿಯ ಸಭೆಯಲ್ಲಿ ಕೈ ಎತ್ತುವವರು ಫಂಡಿನವರು, ನನ್ನ ಮಾತನ್ನು ಅಲ್ಲಿ ಕೇಳುವವರೇ ಇಲ್ಲ. ಇದನ್ನು ಅವಳಿಗೆ ಹೇಗೆ ಹೇಳಲಿ ಎಂದು ತಡವರಿಸುತ್ತಿದ್ದೆ. ಅಷ್ಟರಲ್ಲಿ ಅವಳು ಫೋನನ್ನು ದೂರ ಹಿಡಿದು ಪಕ್ಕದ ಮನೆಯವರಿಗೆ ಕೂಗಿ ಹೇಳುವುದು ಕೇಳಿಸಿತು:

“ಇನ್ನು ಹೆದರಿಕೆ ಇಲ್ಲ! ಫ್ಯಾಕ್ಟ್ರಿಯಲ್ಲಿ ನನ್ನ ತಂಗಿದೂ ಪಾಲುಂಟಂತೆ!”